ನೀರು ಎಂದು ಬೈದರೆ ಸಾಲದು: ಚೀನಾದ ಅಗ್ಗದ ಬಿಯರ್‌ಗೆ ಅಂಕ ಕೊಡುವುದು ಹೇಗೆ?

ಚೀನಾದಲ್ಲಿ ಮೆಡಿಕಲ್ ಓದಿ ಬಂದ, ಇಲ್ಲವೇ ಕಂಪನಿ ಕೆಲಸಕ್ಕೆ ಶೆನ್‌ಜೆನ್‌ಗೋ ಶಾಂಘೈಗೋ ಹೋಗಿಬಂದ ನಮ್ಮ ಹುಡುಗರನ್ನು ಅಲ್ಲಿನ ಬಿಯರ್ ಹೇಗಿತ್ತು ಎಂದು ಕೇಳಿ ನೋಡಿ. "ಬಿಯರ್ರಾ? ನೀರು ಸಾರ್ ಅದು" ಎಂಬ ಉತ್ತರ ಬಾರದಿದ್ದರೆ ಆಶ್ಚರ್ಯ. ಚೀನೀಯರೂ ತಮ್ಮ ಬಿಯರನ್ನು ಅಟ್ಟಕ್ಕೇರಿಸಿ ಹೊಗಳುವವರಲ್ಲ. ಅಗ್ಗದ ಬಿಯರ್‌ಗೆ ಅಲ್ಲಿನವರೇ ಇಟ್ಟ ಅಡ್ಡಹೆಸರು 'ಶುಯ್ ಪಿ'. ಶುಯ್ ಎಂದರೆ ನೀರು, ಪಿ ಎಂದರೆ ಬಿಯರ್. ಈಶಾನ್ಯ ಚೀನಾದ ಚಳಿ ಊರುಗಳಲ್ಲಿ ಆ ಅರ್ಧ ಲೀಟರಿಗೂ ಮಿಕ್ಕಿದ ಹಸಿರು ಬಾಟಲಿಗೆ 'ದೊಡ್ಡ ಹಸಿರು ದೊಣ್ಣೆ' ಎನ್ನುತ್ತಾರೆ. ಬೈಗುಳವೋ ಮುದ್ದೋ ಹೇಳುವುದು ಕಷ್ಟ, ಎರಡೂ ಇರಬೇಕು.

ಹೀಗೆ ಬೈಸಿಕೊಳ್ಳುವ ಗುಂಪಿನಲ್ಲೇ ಜಗತ್ತಿನಲ್ಲಿ ಅತಿ ಹೆಚ್ಚು ಲೀಟರ್ ಖರ್ಚಾಗುವ ಬಿಯರ್ ಕೂಡ ಇದೆ. ಅದರ ಹೆಸರು ಸ್ನೋ, ಚೀನೀ ಭಾಷೆಯಲ್ಲಿ ಶುಯೆಹುವಾ, ಎಂದರೆ ಹಿಮದ ಹೂವು. 1993ರಲ್ಲಿ ಶೆನ್‌ಯಾಂಗ್ ನಗರದಲ್ಲಿ ಹುಟ್ಟಿದ ಈ ಬ್ರ್ಯಾಂಡ್ 2008ರ ಹೊತ್ತಿಗೆ ಅಮೆರಿಕದ ಬಡ್ ಲೈಟನ್ನು ಹಿಂದೆ ಹಾಕಿತು. ಚೀನಾದ ಹೊರಗೆ ಹೆಸರು ಕೇಳಿದವರು ವಿರಳ, ಒಳಗೆ ಕುಡಿಯದವರು ವಿರಳ. ಇಷ್ಟು ಜನ ದಿನಾ ಕುಡಿಯುವ ಪಾನೀಯವನ್ನು 'ನೀರು' ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ಅದು ನೀರಿನಂತೆ ಇರುವುದು ಕೈತಪ್ಪಿನಿಂದಲ್ಲ. ಹಾಗೇ ಇರಲಿ ಎಂದು ಲೆಕ್ಕಹಾಕಿ ಮಾಡಿದ್ದು. ಆ ಲೆಕ್ಕ ಗೊತ್ತಿಲ್ಲದೆ ಕೊಟ್ಟ ಅಂಕಕ್ಕೆ ಬೆಲೆಯಿಲ್ಲ.

ನೀರುದೋಸೆಯನ್ನೇ ತೆಗೆದುಕೊಳ್ಳಿ. ಅದಕ್ಕೆ ಮಸಾಲೆ ದೋಸೆಯ ರುಚಿ ಇಲ್ಲ ಎಂದು ಮಂಗಳೂರಿನಲ್ಲಿ ಯಾರೂ ದೂರುವುದಿಲ್ಲ. ಅದರ ಕೆಲಸ ಕೋಳಿ ಸುಕ್ಕವನ್ನೋ ಬೆಲ್ಲ-ಕಾಯಿಯನ್ನೋ ಹೊತ್ತು ಬಾಯಿಗೆ ತರುವುದು. ಹಾಗೆಂದು ಎಲ್ಲ ನೀರುದೋಸೆಯೂ ಒಂದೇ ಅಲ್ಲ. ಅಕ್ಕಿ ಸರಿಯಾಗಿ ನೆನೆಯದಿದ್ದರೆ, ಹಿಟ್ಟು ತರಿತರಿಯಾದರೆ, ಕಾವಲಿಗೆ ಹಳೆಯ ಎಣ್ಣೆಯ ನಾತ ಹತ್ತಿದ್ದರೆ ಮೊದಲ ತುತ್ತಿಗೇ ಗೊತ್ತಾಗುತ್ತದೆ. ಮುಚ್ಚಿಡಲು ಅಲ್ಲಿ ಮಸಾಲೆ ಇಲ್ಲವಲ್ಲ. ತೆಳು ಲಾಗರ್, ಎಂದರೆ ತಂಪಿನಲ್ಲಿ ನಿಧಾನವಾಗಿ ಹುದುಗಿಸಿದ ಬಿಯರ್, ಕೂಡ ಅಷ್ಟೇ. ಬಿಳಿ ಪಂಚೆಯ ಮೇಲೆ ಸಣ್ಣ ಕಲೆಯೂ ಕಾಣುತ್ತದೆ.

ಲೆಕ್ಕ ಎಂದೆನಲ್ಲ, ಅದು ಬಾಟಲಿಯ ಲೇಬಲ್ಲಿನ ಮೇಲೇ ಇದೆ. ಚೀನಾದ ಬಿಯರ್ ಲೇಬಲ್ಲಿನಲ್ಲಿ ಎರಡು ಅಂಕಿ ಇರುತ್ತವೆ. ಒಂದು ಆಲ್ಕೋಹಾಲ್ ಪ್ರಮಾಣ. ಇನ್ನೊಂದು ಡಿಗ್ರಿ. 8 ಡಿಗ್ರಿ, 10 ಡಿಗ್ರಿ ಎಂದು ನೋಡಿ 'ಅಬ್ಬಾ, ಸ್ಟ್ರಾಂಗ್' ಎಂದುಕೊಂಡವರು ಬಹಳ ಮಂದಿ. ಆ ಡಿಗ್ರಿಗೂ ನಶೆಗೂ ನೇರ ಸಂಬಂಧವಿಲ್ಲ. ಮಾಲ್ಟನ್ನೂ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಅಕ್ಕಿಯನ್ನೂ ಬಿಸಿನೀರಿನಲ್ಲಿ ಕಲಸಿ ಸೋಸಿದಾಗ ಒಂದು ಸಿಹಿ ರಸ ಸಿಗುತ್ತದೆ. ಯೀಸ್ಟ್ ಹಾಕುವ ಮುನ್ನ ಅಂಥ 100 ಗ್ರಾಂ ರಸದಲ್ಲಿ ಎಷ್ಟು ಗ್ರಾಂ ಸತ್ವ ಕರಗಿದೆ ಎನ್ನುವುದೇ ಈ ಡಿಗ್ರಿ. ಯುರೋಪಿನ ಸಾಮಾನ್ಯ ಲಾಗರ್ 11, 12ರ ಆಸುಪಾಸಿನಲ್ಲಿ ಶುರುವಾಗುತ್ತದೆ. ಚೀನಾದ ಮಾಮೂಲಿ ಬಾಟಲಿಗಳಲ್ಲಿ 8ರಿಂದ 10. ಅಂದರೆ ಯೀಸ್ಟ್ ಬಾಯಿ ಹಾಕುವ ಮೊದಲೇ ಪಾಕ ತೆಳ್ಳಗಿದೆ. 2008ರ ರಾಷ್ಟ್ರೀಯ ಮಾನದಂಡದ ಪ್ರಕಾರ 8 ಡಿಗ್ರಿಯ ಬಿಯರಿನಲ್ಲಿ ಕನಿಷ್ಠ 2.5 ಶೇಕಡಾ ಆಲ್ಕೋಹಾಲ್ ಇದ್ದರೆ ಸಾಕು, 12 ಡಿಗ್ರಿಯದಕ್ಕೆ 4.1 ಬೇಕು. ಲೇಬಲ್ಲಿನಲ್ಲಿ 'ಇಷ್ಟು' ಎಂದು ಇರುವುದಿಲ್ಲ, 'ಕನಿಷ್ಠ ಇಷ್ಟು' ಎಂದಿರುತ್ತದೆ. ಈ ಎರಡು ಅಂಕಿ ಓದಲು ಬಂದರೆ ಮುಚ್ಚಳ ತೆಗೆಯುವ ಮೊದಲೇ ಅರ್ಧ ವಿಮರ್ಶೆ ಮುಗಿಯಿತು.

ಇಷ್ಟು ತೆಳುವಾಗಿದ್ದು ಏಕೆ? ದುಡ್ಡು ಎಂಬುದು ಮೊದಲ ಉತ್ತರ, ಸರಿಯಾದ ಉತ್ತರವೂ ಹೌದು. 1990ರ ದಶಕದಲ್ಲಿ ಊರಿಗೊಂದರಂತೆ ಬಿಯರ್ ಕಾರ್ಖಾನೆಗಳಿದ್ದವು. ಸ್ನೋ ತಯಾರಿಸುವ ಚೈನಾ ರಿಸೋರ್ಸಸ್ ಕಂಪನಿ ವಿದೇಶಿ ಪಾಲುದಾರ ಸ್ಯಾಬ್‌ಮಿಲ್ಲರ್ ಜತೆ ಸೇರಿ ಒಂದೊಂದನ್ನೇ ಕೊಂಡಿತು. ಸಿಂಗ್‌ಟಾವ್, ಯಾಂಜಿಂಗ್ ಕಂಪನಿಗಳೂ ಅದೇ ದಾರಿ ಹಿಡಿದವು. ಪಕ್ಕದೂರಿನವನಿಗಿಂತ ಅರ್ಧ ಯುವಾನ್ ಕಡಿಮೆಗೆ ಮಾರುವುದೇ ಯುದ್ಧ. ಬಿಯರಿನ ಮೇಲಿನ ಸರಕಾರಿ ಸುಂಕ ಟನ್ ಲೆಕ್ಕದ್ದು: ಕಾರ್ಖಾನೆ ಬೆಲೆ ಟನ್ನಿಗೆ 3,000 ಯುವಾನ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ 250 ಯುವಾನ್, ಕಡಿಮೆ ಇದ್ದರೆ 220. ಬಿಯರ್ ಗಟ್ಟಿಯಿರಲಿ ತೆಳುವಿರಲಿ, ಸುಂಕಕ್ಕೆ ಅದು ಬೇಕಿಲ್ಲ. ಹಾಗಿರುವಾಗ ಉಳಿತಾಯ ಎಲ್ಲಿ? ಮಾಲ್ಟಿನಲ್ಲಿ. ಮಾಲ್ಟಿಗೆ ಬೇಕಾದ ಬಾರ್ಲಿಯ ದೊಡ್ಡ ಪಾಲು ಹೊರದೇಶದಿಂದ ಬರಬೇಕು. 2020ರ ಮೇ ತಿಂಗಳಲ್ಲಿ ರಾಜಕೀಯ ಜಗಳದ ನಡುವೆ ಆಸ್ಟ್ರೇಲಿಯಾದ ಬಾರ್ಲಿಯ ಮೇಲೆ ಚೀನಾ 80.5 ಶೇಕಡಾ ಸುಂಕ ಹೇರಿತು; ತೆಗೆದದ್ದು 2023ರ ಆಗಸ್ಟಿನಲ್ಲಿ. ಅಷ್ಟೂ ದಿನ ಕಂಪನಿಗಳು ಕೆನಡಾ, ಫ್ರಾನ್ಸ್ ಕಡೆ ಮುಖ ಮಾಡಬೇಕಾಯಿತು. ಅಂಥ ಹೊತ್ತಿನಲ್ಲಿ ಒಂದು ಡಿಗ್ರಿ ಇಳಿಸಿದರೂ ಕೋಟಿಗಟ್ಟಲೆ ಬಾಟಲಿಗಳ ಮೇಲೆ ಎಷ್ಟು ಉಳಿಯುತ್ತದೆಂದು ಲೆಕ್ಕ ಹಾಕಿಕೊಳ್ಳಿ.

ದುಡ್ಡೊಂದೇ ಕಾರಣ ಎಂದರೆ ಮಾತ್ರ ಅರ್ಧ ಸತ್ಯ. ಚೀನೀ ಊಟದ ಮೇಜಿನಲ್ಲಿ ಕಿಕ್ ಕೊಡುವ ಕೆಲಸ ಬಿಯರಿನದಲ್ಲ. ಅದಕ್ಕೆ ಬೈಜಿಯು ಇದೆ, ಜೋಳದಿಂದ ಭಟ್ಟಿ ಇಳಿಸಿದ, 50 ಶೇಕಡಾ ದಾಟುವ ಬೆಂಕಿ. ಬಿಯರ್ ಬರುವುದು ಕುರಿಮಾಂಸದ ಕಡ್ಡಿಕಬಾಬ್, ಮೇಜಿನ ಮೇಲೇ ಕುದಿಯುವ ಹಾಟ್‌ಪಾಟ್ ಸಾರಿನ ಖಾರ, ಹುರಿದ ಕಡಲೆಕಾಯಿ ಇವುಗಳ ಜತೆಗೆ. ಗ್ಲಾಸು ಚಿಕ್ಕದು. ಯಾರೋ ಎದ್ದು 'ಗಾನ್‌ಬೇ' ಎಂದರೆ ಒಂದೇ ಗುಟುಕಿಗೆ ಬರಿದು ಮಾಡಬೇಕು; ಆ ಮಾತಿನ ಅರ್ಥವೇ 'ಗ್ಲಾಸು ಒಣಗಲಿ'. ಒಂದು ರಾತ್ರಿಯಲ್ಲಿ ಇಪ್ಪತ್ತು ಸಲ ಗಾನ್‌ಬೇ ಆಗುವ ಮೇಜಿಗೆ 8 ಶೇಕಡಾದ ಬಿಯರ್ ತಂದಿಟ್ಟರೆ ಹತ್ತು ಗಂಟೆಗೆಲ್ಲ ಎಲ್ಲರೂ ಮೇಜಿನ ಕೆಳಗೆ.

ನಮ್ಮ ಕಡೆ ಇದರ ತದ್ವಿರುದ್ಧ. ಭಾರತದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ 5 ಶೇಕಡಾ ದಾಟಿದರೆ ಸ್ಟ್ರಾಂಗ್, ಮಿತಿ 8 ಶೇಕಡಾ. ಮಾರಾಟದಲ್ಲಿ ಸ್ಟ್ರಾಂಗಿನದೇ ರಾಜ್ಯಭಾರ. ಸುಂಕ ಸೇರಿ ಬಾಟಲಿಯ ಬೆಲೆ ಏರಿದಷ್ಟೂ, ಕೊಟ್ಟ ದುಡ್ಡಿಗೆ ತಲೆಗೇರುವುದು ಎಷ್ಟು ಎಂಬ ಲೆಕ್ಕವೇ ಮುಂದೆ ಬರುತ್ತದೆ ಎಂಬುದು ನನ್ನ ಊಹೆ. ಈ ನಾಲಿಗೆ ಹೊತ್ತು ಚೀನಾಕ್ಕೆ ಹೋದವರಿಗೆ ಅಲ್ಲಿನದು ನೀರೆನಿಸದೆ ಇನ್ನೇನೆನಿಸೀತು? ಚೀನಾದ ಅಳತೆಗೋಲು ಎಷ್ಟು ಬೇರೆ ಎಂಬುದಕ್ಕೆ ವುಸು ಒಂದು ಮಜವಾದ ಸಾಕ್ಷಿ. ಷಿನ್‌ಜಿಯಾಂಗ್ ಪ್ರಾಂತ್ಯದ ಈ ಬಿಯರ್ ಈಗ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಗುಂಪಿಗೆ ಸೇರಿದ್ದು. 620 ಮಿಲಿಲೀಟರಿನ ಕೆಂಪು ಲೇಬಲ್ಲಿನ ಬಾಟಲಿ, 11 ಡಿಗ್ರಿ, ಕನಿಷ್ಠ 4 ಶೇಕಡಾ ಆಲ್ಕೋಹಾಲ್. ಇಷ್ಟಕ್ಕೇ ಅಂತರ್ಜಾಲದಲ್ಲಿ ಅದಕ್ಕೆ 'ಪ್ರಾಣ ತೆಗೆಯುವ ದೊಡ್ಡ ವುಸು' ಎಂದು ಹೆಸರಾಯಿತು. ನಾಲ್ಕು ಶೇಕಡಾಕ್ಕೆ! ನಮ್ಮ ಯಾವುದೇ ವೈನ್ ಶಾಪಿನ ಮುಂದೆ ಇದನ್ನು ಹೇಳಿದರೆ ನಗುತ್ತಾರೆ.

ಅಕ್ಕಿಯ ಮಾತಿಗೆ ಬರೋಣ. 'ಅಕ್ಕಿ ಹಾಕಿ ಮೋಸ ಮಾಡುತ್ತಾರೆ' ಎಂಬ ದೂರು ಬಿಯರ್ ಬಲ್ಲವರ ಬಾಯಲ್ಲಿ ಸದಾ ಇರುತ್ತದೆ. ಅಕ್ಕಿಯನ್ನು ಬೇರೆ ಪಾತ್ರೆಯಲ್ಲಿ ಗಂಜಿಯಾಗುವವರೆಗೆ ಬೇಯಿಸಿ ಮಾಲ್ಟಿನ ಜತೆ ಬೆರೆಸುತ್ತಾರೆ. ಮಾಲ್ಟಿನಲ್ಲಿರುವ ಎನ್‌ಜೈಮುಗಳು ಗಂಜಿಯ ಪಿಷ್ಟವನ್ನೂ ಸಕ್ಕರೆಯಾಗಿ ಒಡೆಯುತ್ತವೆ. ಅಕ್ಕಿಯಿಂದ ಸಕ್ಕರೆ ಬರುತ್ತದೆ, ಬಣ್ಣ ಬರುವುದಿಲ್ಲ. ಪ್ರೊಟೀನ್ ತೀರ ಕಡಿಮೆ. ಹಾಗಾಗಿ ಬಿಯರ್ ತಿಳಿ, ಹಗುರ, ಕುಡಿದ ಮೇಲೆ ಬಾಯಿ ಖಾಲಿ. ಅಮೆರಿಕದ ಬಡ್‌ವೈಸರಿನಲ್ಲೂ ಅಕ್ಕಿಯಿದೆ, ಜಪಾನಿನ ಹೆಸರಾಂತ ಲಾಗರುಗಳಲ್ಲೂ ಇದೆ. ಜಪಾನಿನದನ್ನು 'ಎಷ್ಟು ಸ್ವಚ್ಛ ರುಚಿ' ಎಂದು ಹೊಗಳಿ, ಅದೇ ಅಕ್ಕಿಯಿರುವ ಚೀನಾದ್ದನ್ನು 'ಸಪ್ಪೆ' ಎನ್ನುವವರು ಗ್ಲಾಸಿನಲ್ಲಿ ಇರುವುದನ್ನು ಕುಡಿಯುತ್ತಿಲ್ಲ, ಲೇಬಲ್ಲನ್ನು ಕುಡಿಯುತ್ತಿದ್ದಾರೆ.

ಲೇಬಲ್ ಕುಡಿಯುವುದು ಹೊಸ ಚಟವೂ ಅಲ್ಲ. 1964ರಲ್ಲಿ ಆಲಿಸನ್ ಮತ್ತು ಉಲ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಬಿಯರ್ ಕುಡಿಯುವವರಿಗೆ ಮೊದಲು ಹೆಸರಿಲ್ಲದ ಬಾಟಲಿ, ಆಮೇಲೆ ಹೆಸರಿರುವ ಬಾಟಲಿ ಕೊಟ್ಟು ಅಂಕ ಕೇಳಿದರು. ಹೆಸರಿಲ್ಲದಾಗ ಬ್ರ್ಯಾಂಡುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ತಮ್ಮ ಮೆಚ್ಚಿನ ಬಿಯರನ್ನೂ ಗುರುತಿಸಲಾಗಲಿಲ್ಲ. ಹೆಸರು ಕಂಡ ಕೂಡಲೇ ಅಂಕ ಏರಿತು.

ಇದನ್ನು ಓದಿ ನಗುತ್ತಿದ್ದ ನನಗೂ ಸಿಂಗಪುರದಲ್ಲಿ ಪಾಠವಾಯಿತು. ಅಕ್ಕನ ಮನೆಯಲ್ಲಿ ಆರು ಜನ ಸೇರಿದ್ದೆವು. ಭಾವನಿಗೆ ತನ್ನ ನಾಲಿಗೆಯ ಮೇಲೆ ಅಪಾರ ನಂಬಿಕೆ. ಚೀನಾದ ಒಂದು ಲಾಗರ್, ಯುರೋಪಿನ ಹೆಸರು ಹೊತ್ತ ಇನ್ನೊಂದು, ಎರಡೂ ಹೊಸ ಕ್ಯಾನು, ಒಂದೇ ತಂಪು. ಅಕ್ಕ ಕುಡಿಯುವುದಿಲ್ಲವಾದ್ದರಿಂದ ಸುರಿಯುವ ಕೆಲಸ ಅವಳದು. ಬಣ್ಣ ಕಾಣದಿರಲೆಂದು ಸ್ಟೀಲಿನ ಲೋಟ, ತಳಕ್ಕೆ ಗುರುತಿಗೆ ಅವಳ ಸ್ಟಿಕರ್ ಬೊಟ್ಟು. ಒಬ್ಬೊಬ್ಬರಿಗೂ ಮೂರು ಲೋಟ. ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಬೇರೆಯದು ಯಾವುದು ಎಂದಷ್ಟೇ ಹೇಳಬೇಕು. ಬಿಯರ್ ಕಾರ್ಖಾನೆಗಳ ಪ್ರಯೋಗಾಲಯದಲ್ಲಿ ನಡೆಯುವುದೂ ಇದೇ ಪರೀಕ್ಷೆ. ಕಣ್ಣುಮುಚ್ಚಿ ಬೆರಳು ಇಟ್ಟರೂ ಮೂವರಲ್ಲಿ ಒಬ್ಬರು ಸರಿ ಹೇಳುತ್ತಾರೆ. ಆರು ಜನರಲ್ಲಿ ಐವರು ಸರಿ ಹೇಳಿದರೆ ಮಾತ್ರ 'ನಿಜಕ್ಕೂ ವ್ಯತ್ಯಾಸ ತಿಳಿಯುತ್ತದೆ' ಎನ್ನಬಹುದು. ನಮ್ಮಲ್ಲಿ ಸರಿಯಾಗಿದ್ದು ಮೂವರದು. ಭಾವ ತಪ್ಪು. ನಾನೂ ತಪ್ಪು.

"ಏನ್ರೀ, ನಿಮ್ಮ ಜರ್ಮನ್ ನಾಲಿಗೆ ಎಲ್ಲಿ ಹೋಯ್ತು?" ಅಕ್ಕ ಲೋಟ ಎತ್ತಿ ಬೊಟ್ಟು ತೋರಿಸಿದಳು.

"ಸ್ಟೀಲ್ ಲೋಟದಲ್ಲಿ ಕೊಟ್ರೆ ಇನ್ನೇನಾಗತ್ತೆ" ಎಂದರು ಭಾವ. ಆ ಆಕ್ಷೇಪಣೆಯಲ್ಲಿ ಸ್ವಲ್ಪ ಹುರುಳಿದೆ. ಗಾಜಿನ ಲೋಟದಲ್ಲಿ ನೊರೆ ನಿಂತಷ್ಟು, ಪರಿಮಳ ಮೂಗಿಗೆ ಬಂದಷ್ಟು ಸ್ಟೀಲಿನಲ್ಲಿ ಬರುವುದಿಲ್ಲ. ಆದರೂ ಅಂದು ಕಲಿತದ್ದು ಇಷ್ಟು: ದೋಷವಿಲ್ಲದ ಎರಡು ತೆಳು ಲಾಗರುಗಳ ನಡುವಿನ ಅಂತರ ನಾವು ಬಾಯಿಬಿಟ್ಟು ಹೇಳುವುದಕ್ಕಿಂತ ಬಹಳ ಸಣ್ಣದು. ದೋಷ ಬಂದಾಗಲೇ ದಾರಿ ಕವಲೊಡೆಯುವುದು.

ಆ ದೋಷಗಳನ್ನು ಮೂಗಿಗೆ ಪರಿಚಯ ಮಾಡಿಸಿಕೊಳ್ಳುವುದೇ ರುಚಿ ನೋಡುವವನ ನಿಜವಾದ ಅಭ್ಯಾಸ. ಬೇಯಿಸಿದ ಮೆಕ್ಕೆಜೋಳದ ವಾಸನೆ ಬಂದರೆ ಅದು ಮಾಲ್ಟಿನಿಂದ ಬಂದ ಗಂಧಕದ ಒಂದು ಸಂಯುಕ್ತ, ರಸವನ್ನು ಚೆನ್ನಾಗಿ ಕುದಿಸಿದ್ದರೆ ಹಾರಿಹೋಗಬೇಕಿತ್ತು. ಬೆಣ್ಣೆ ಬಿಸ್ಕತ್ತಿನ ವಾಸನೆ ಎಂದರೆ ಡೈಅಸಿಟೈಲ್: ಯೀಸ್ಟೇ ಹುಟ್ಟಿಸಿ, ಸಮಯ ಕೊಟ್ಟರೆ ಯೀಸ್ಟೇ ತಿಂದು ಮುಗಿಸುವ ವಸ್ತು. ಅದು ಉಳಿದಿದೆ ಎಂದರೆ ಕಾರ್ಖಾನೆಯವರಿಗೆ ಆತುರ. ಹಸಿ ಸೇಬಿನ ಘಾಟೂ ಬಹುಮಟ್ಟಿಗೆ ಆತುರದ್ದೇ ಲಕ್ಷಣ. ಒದ್ದೆ ರಟ್ಟಿನ ವಾಸನೆ ಮಾತ್ರ ಮುದಿತನದ್ದು. ಗೋದಾಮಿನ ಸೆಕೆಯಲ್ಲಿ ತಿಂಗಳುಗಟ್ಟಲೆ ಕೊಳೆತ ಬಿಯರ್ ಎಲ್ಲ ದೇಶದಲ್ಲೂ ಹೀಗೇ ನಾರುತ್ತದೆ.

ಇವೆಲ್ಲಕ್ಕಿಂತ ಕುಖ್ಯಾತವಾದದ್ದು ಹಸಿರು ಬಾಟಲಿಯ ದೋಷ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಎಂಬ ಹೂವಿನ ಕಹಿ ಅಂಶದ ಮೇಲೆ ಬೆಳಕು ಬಿದ್ದಾಗ, ಬಿಯರಿನಲ್ಲೇ ಇರುವ ರೈಬೋಫ್ಲೇವಿನ್ ಎಂಬ ವಿಟಮಿನ್ ಸಹಾಯದಿಂದ ಅದು ಒಡೆದು 3-ಮೀಥೈಲ್-2-ಬ್ಯೂಟೀನ್-1-ಥಯೋಲ್ ಎಂಬ ವಸ್ತು ಹುಟ್ಟುತ್ತದೆ. ಒಂದು ಲೀಟರಿನಲ್ಲಿ ಇದು ಒಂದು ಗ್ರಾಮಿನ ನೂರು ಕೋಟಿಯಲ್ಲಿ ಕೆಲವೇ ಪಾಲಿದ್ದರೂ ಮೂಗಿಗೆ ತಿಳಿಯುತ್ತದೆ. ಅಮೆರಿಕದವರು ಇದಕ್ಕೆ ಸ್ಕಂಕ್ ಎಂಬ ಪ್ರಾಣಿಯ ಹೆಸರು ಕೊಟ್ಟಿದ್ದಾರೆ. ಆ ಪ್ರಾಣಿಯನ್ನು ಮೂಸದ ನಮ್ಮ ಮೂಗಿಗೆ ಸುಟ್ಟ ರಬ್ಬರು, ಹಳಸಿದ ಬೆಳ್ಳುಳ್ಳಿ ಎಂದರೆ ಹತ್ತಿರ. ಕಂದು ಗಾಜು ಈ ಬೆಳಕನ್ನು ಬಹುಪಾಲು ತಡೆಯುತ್ತದೆ, ಹಸಿರು ಗಾಜು ತಡೆಯುವುದಿಲ್ಲ. ನಂಬಿಕೆ ಬರದಿದ್ದರೆ ಹಸಿರು ಬಾಟಲಿಯ ಯಾವುದಾದರೂ ಲಾಗರ್ ಎರಡು ತನ್ನಿ. ಒಂದನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ ಕಪಾಟಿನೊಳಗಿಡಿ, ಇನ್ನೊಂದನ್ನು ಬಾಲ್ಕನಿಯ ಬಿಸಿಲಿಗೆ ಒಂದು ಗಂಟೆ ಇಡಿ. ಆಮೇಲೆ ಎರಡನ್ನೂ ಒಟ್ಟಿಗೆ ತಣ್ಣಗೆ ಮಾಡಿ, ಪಕ್ಕಪಕ್ಕ ಸುರಿದು, ಕುಡಿಯುವ ಮೊದಲು ಮೂಸಿ. ಬೆಳಕಿಗೆ ಅಂಜದ ಹಾಪ್ಸ್ ಸಾರ ಬಳಸಿದ ಬ್ರ್ಯಾಂಡ್ ಆಗಿದ್ದರೆ ಏನೂ ಆಗದು. ಮಾಮೂಲಿ ಹಾಪ್ಸ್ ಆಗಿದ್ದರೆ ಆ ಒಂದು ಗಂಟೆ ಎಂಥ ಅನಾಹುತ ಮಾಡಿದೆ ಎಂದು ವಿವರಿಸಿ ಹೇಳಬೇಕಾಗುವುದಿಲ್ಲ.

ಹೊರದೇಶಗಳಲ್ಲಿ 'ಚೀನಾದ ಬಿಯರ್' ಎಂದರೆ ಸಾಮಾನ್ಯವಾಗಿ ಸಿಂಗ್‌ಟಾವ್, ಹಸಿರು ಬಾಟಲಿಯಲ್ಲಿ, 4.7 ಶೇಕಡಾ. ಸಮುದ್ರ ದಾಟಿ, ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನಿಂತು ಬಂದ ಯಾವ ಹಸಿರು ಬಾಟಲಿಯೇ ಆಗಲಿ, ಅದರ ರುಚಿಯಲ್ಲಿ ಪ್ರಯಾಣದ ಪಾಲೆಷ್ಟು, ಕಾರ್ಖಾನೆಯ ಪಾಲೆಷ್ಟು ಎಂದು ಬೇರೆ ಮಾಡದೆ ದೇಶಕ್ಕೇ ಹಣೆಪಟ್ಟಿ ಹಚ್ಚುವುದು ಅನ್ಯಾಯ. ಅದೇ ಬಿಯರಿನ ಕ್ಯಾನು ಸಿಕ್ಕರೆ ಅದನ್ನು ಕೊಳ್ಳಿ, ತಯಾರಾದ ದಿನಾಂಕ ನೋಡಿ ಕೊಳ್ಳಿ.

ಸಿಂಗ್‌ಟಾವಿನ ಹುಟ್ಟಿನ ಕತೆಯೂ ತೀರ್ಪಿನಲ್ಲಿ ಕೈಯಾಡಿಸುತ್ತದೆ. 1898ರಲ್ಲಿ ಜರ್ಮನಿ ಶಾಂಡೊಂಗ್ ಕರಾವಳಿಯ ಚಿಂಗ್‌ದಾವ್ ಪ್ರದೇಶವನ್ನು 99 ವರ್ಷದ ಗುತ್ತಿಗೆಯ ಹೆಸರಲ್ಲಿ ಕಿತ್ತುಕೊಂಡಿತು. 1903ರಲ್ಲಿ ಅಲ್ಲಿ ಆಂಗ್ಲೋ-ಜರ್ಮನ್ ಬ್ರೂವರಿ ಕಂಪನಿ ಬಿಯರ್ ಕಾಯಿಸತೊಡಗಿತು, ಜರ್ಮನ್ ಪದ್ಧತಿಯಂತೆ ಮಾಲ್ಟು, ಹಾಪ್ಸು, ನೀರು ಅಷ್ಟೇ. 1914ರಲ್ಲಿ ಜಪಾನೀಯರು ಊರು ಗೆದ್ದರು, 1916ರಲ್ಲಿ ಕಾರ್ಖಾನೆ ಜಪಾನಿನ ದೈ-ನಿಪ್ಪೊನ್ ಕಂಪನಿಯ ಪಾಲಾಯಿತು. ಯುದ್ಧ ಮುಗಿದ ಮೇಲೆ ಚೀನೀಯರ ಕೈಗೆ, 1949ರ ನಂತರ ಸರಕಾರದ ಕೈಗೆ, 1993ರಲ್ಲಿ ಹಾಂಗ್‌ಕಾಂಗ್ ಷೇರುಪೇಟೆಗೆ. ಈ ನಡುವೆ ಅಕ್ಕಿಯೂ ಪಾಕದೊಳಗೆ ಬಂತು. ಊರಿನ ಹೆಸರಿನ ಕಾಗುಣಿತ ಬದಲಾದರೂ ಬಾಟಲಿಯ ಮೇಲೆ ಹಳೆಯ 'ಸಿಂಗ್‌ಟಾವ್' ಎಂಬುದೇ ಉಳಿಯಿತು. 'ಜರ್ಮನ್ ಪರಂಪರೆ' ಎಂಬ ಮಾತನ್ನು ಕೇಳಿ ಬಾಯಲ್ಲಿ ಮ್ಯೂನಿಕ್ಕನ್ನು ಹುಡುಕಿದರೆ ಸಿಗುವುದಿಲ್ಲ. ಸಿಗಬೇಕಾಗಿಯೂ ಇಲ್ಲ. ಇದಕ್ಕೂ ಹಿರಿಯಣ್ಣ ಹಾರ್ಬಿನ್, 1900ರದು, ರಷ್ಯನ್ನರು ರೈಲು ಹಾಕಿದ ಊರಿನದು. ಈಗ ಬಡ್‌ವೈಸರಿನ ಒಡೆಯರದು. ಒಡೆತನದ ಜಾಡು ಹಿಡಿದು ಹೊರಟರೆ ನಮ್ಮ ಬೆಂಗಳೂರಿಗೂ ಬಂದು ತಲುಪುತ್ತೇವೆ. ಕಿಂಗ್‌ಫಿಷರ್ ತಯಾರಿಸುವ ಯುನೈಟೆಡ್ ಬ್ರೂವರೀಸಿನ ಅರ್ಧಕ್ಕಿಂತ ಹೆಚ್ಚು ಪಾಲು 2021ರಲ್ಲಿ ಹೈನೆಕೆನ್ ಕೈ ಸೇರಿತು. ಸ್ನೋ ತಯಾರಿಸುವ ಕಂಪನಿಯನ್ನು ಹಿಡಿದಿರುವ ಸಂಸ್ಥೆಯಲ್ಲೂ 40 ಶೇಕಡಾ ಪಾಲು ಕೊಳ್ಳಲು ಅದೇ ಹೈನೆಕೆನ್ 2018ರಲ್ಲಿ ಒಪ್ಪಂದ ಮಾಡಿಕೊಂಡಿತು.

ಸರಿ, ಅಂಕ ಕೊಡೋಣ. ಬಿಯರ್ ತೀರ್ಪುಗಾರರಿಗೆ ಪರೀಕ್ಷೆ ನಡೆಸುವ ಅಮೆರಿಕದ ಬಿಜೆಸಿಪಿ ಸಂಸ್ಥೆಯ ಅಂಕಪಟ್ಟಿ 50ರದು: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಹೇಗೆ ಹತ್ತುತ್ತದೆ ಎಂಬುದಕ್ಕೆ 5, ಒಟ್ಟಾರೆ ಅನಿಸಿಕೆಗೆ 10. ಇದರಲ್ಲಿ ಮುಖ್ಯವಾದದ್ದು ಅಂಕಗಳ ಹಂಚಿಕೆಯಲ್ಲ. ಬಿಯರ್ ಯಾವ ಜಾತಿಯದು ಎಂದು ಮೊದಲು ತೀರ್ಮಾನಿಸಿ, ಆ ಜಾತಿಗೆ ಒಪ್ಪುವಂತಿದೆಯೇ ಎಂದು ನೋಡಬೇಕು. 'ಇಂಟರ್‌ನ್ಯಾಷನಲ್ ಪೇಲ್ ಲಾಗರ್' ಎಂಬ ಗುಂಪಿಗೆ ಆಲ್ಕೋಹಾಲ್ 4.5ರಿಂದ 6 ಶೇಕಡಾ ಇರಬೇಕು. ರಫ್ತಿನ ಸಿಂಗ್‌ಟಾವನ್ನು ಅಲ್ಲಿ ಕೂರಿಸಬಹುದು. 8 ಡಿಗ್ರಿಯ ಸ್ನೋವನ್ನು ಅಲ್ಲಿ ಕೂರಿಸಿದರೆ ಫೇಲಾಗುವುದು ಖಚಿತ, ತಪ್ಪು ಕ್ಲಾಸಿನಲ್ಲಿ ಕೂರಿಸಿದ ಹುಡುಗನ ಹಾಗೆ. ಅದರ ಜಾಗ 2.8ರಿಂದ 4.2 ಶೇಕಡಾದ 'ಅಮೆರಿಕನ್ ಲೈಟ್ ಲಾಗರ್'. ಆ ಗುಂಪಿನಲ್ಲಿ ಜೋರು ರುಚಿಯೇ ದೋಷ.

ಸಿಂಗಪುರದ ಆ ಸಂಜೆ ಪರೀಕ್ಷೆ ಮುಗಿದ ಮೇಲೆ ಉಳಿದಿದ್ದ ಚೀನೀ ಕ್ಯಾನೊಂದನ್ನು ಗಾಜಿನ ಲೋಟಕ್ಕೆ ಸುರಿದು ಒಬ್ಬನೇ ಕೂತೆ. ಅದು ಎಂಟು ಡಿಗ್ರಿಯದು. ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಬಿಟ್ಟಿದ್ದೆ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದರೆ ಮೂಗಿಗೆ ಏನೂ ಸಿಗದು. ಬಣ್ಣ ಒಣಹುಲ್ಲಿನದು, ಲೋಟದಾಚೆಯ ಕ್ಯಾಲೆಂಡರಿನ ಅಂಕಿ ಓದಬಹುದಿತ್ತು. ನೊರೆ ಬಿಳಿ, ಭರ್ರೆಂದು ಎದ್ದು ಎರಡು ನಿಮಿಷದಲ್ಲಿ ಉಂಗುರದಷ್ಟಾಯಿತು. ಮೂಗಿಗೆ ಅಕ್ಕಿ ತೊಳೆದ ನೀರಿನ ತಣ್ಣನೆ ವಾಸನೆ, ಹಿಂದೆಯೇ ಸಣ್ಣಗೆ ರೊಟ್ಟಿಯ ಹಿಟ್ಟು. ಜೋಳವಿಲ್ಲ, ಬೆಣ್ಣೆಯಿಲ್ಲ, ರಟ್ಟಿಲ್ಲ. ಮೊದಲ ಗುಟುಕಿಗೆ ಚೂರು ಸಿಹಿ, ಆಮೇಲೆ ಕಹಿ ಬಂತೋ ಇಲ್ಲವೋ ಎನ್ನುವಷ್ಟರಲ್ಲಿ ಹೋಗಿತ್ತು, ಗಂಟಲಲ್ಲಿ ಗ್ಯಾಸಿನ ಚುರುಕು ಮಾತ್ರ ಉಳಿಯಿತು. ಪರಿಮಳಕ್ಕೆ 7, ನೋಟಕ್ಕೆ 3, ರುಚಿಗೆ 12, ಬಾಯಿಗೆ 4, ಒಟ್ಟಾರೆಗೆ 6. ಕೂಡಿದರೆ 32. ಬಿಜೆಸಿಪಿ ಪಟ್ಟಿಯಲ್ಲಿ 30ರಿಂದ 37 ಎಂದರೆ 'ವೆರಿ ಗುಡ್'. ಬರೆದು ನೋಡಿ ನನಗೇ ನಗು ಬಂತು. ಅರ್ಧ ಲೋಟದ ನಂತರ ಅದರಲ್ಲಿ ಗಮನವಿಡಲು ಏನೂ ಉಳಿದಿರಲಿಲ್ಲ ಎಂಬುದೂ ನಿಜ. ಅಕ್ಕ ಖಾರದ ಕಡಲೆಬೀಜ ತಂದಿಟ್ಟ ಮೇಲೆ ಲೋಟ ಖಾಲಿಯಾದದ್ದೇ ಗೊತ್ತಾಗಲಿಲ್ಲ ಎಂಬುದೂ ನಿಜ.

ಇಲ್ಲಿಯವರೆಗಿನ ಲೆಕ್ಕ ಈಗ ಚೀನಾದಲ್ಲೇ ಬುಡಮೇಲಾಗುತ್ತಿದೆ. 2013ರಲ್ಲಿ ಆ ದೇಶ ಸುಮಾರು 5 ಕೋಟಿ ಕಿಲೋಲೀಟರ್ ಬಿಯರ್ ತಯಾರಿಸಿತ್ತು. ಅದೇ ಶಿಖರ. ಹತ್ತು ವರ್ಷದ ನಂತರ ಅದು 3.5 ಕೋಟಿಯ ಆಸುಪಾಸಿಗೆ ಇಳಿದಿತ್ತು. ಕುಡಿಯುವ ವಯಸ್ಸಿನ ದುಡಿಮೆಗಾರರ ಸಂಖ್ಯೆ ಇಳಿಮುಖ, ಯುವಕರ ಕೈಯಲ್ಲಿ ಬೇರೆ ಬೇರೆ ಪಾನೀಯ. ಕಂಪನಿಗಳು ಡಜನ್‌ಗಟ್ಟಲೆ ಕಾರ್ಖಾನೆ ಮುಚ್ಚಿದವು. ಲೀಟರು ಏರದಿದ್ದರೆ ಲೀಟರಿನ ಬೆಲೆಯನ್ನಾದರೂ ಏರಿಸಬೇಕು. ಹಾಗಾಗಿ ಅಗ್ಗದ ಯುದ್ಧ ಮಾಡಿ ಬಿಯರನ್ನು ತೆಳುವಾಗಿಸಿದವರೇ ಈಗ 'ಪ್ರೀಮಿಯಂ' ಮಂತ್ರ ಜಪಿಸುತ್ತಿದ್ದಾರೆ. ಸ್ನೋ ಕಂಪನಿ 2021ರಲ್ಲಿ 'ಲಿ' ಎಂಬ ಬಿಯರ್ ತಂದು ಎರಡು ಬಾಟಲಿಯ ಪೆಟ್ಟಿಗೆಗೆ 999 ಯುವಾನ್ ಬೆಲೆ ಇಟ್ಟಿತು. ಹಸಿರು ದೊಣ್ಣೆ ಮಾರಿದವರು ಅಷ್ಟು ಬೆಲೆಯ ಪೆಟ್ಟಿಗೆ ಮಾರಲು ಹೊರಟದ್ದು ಜಾಹೀರಾತಿಗಲ್ಲದೆ ಲಾಭಕ್ಕೆಂದು ನನಗನಿಸುವುದಿಲ್ಲ.

ನನಗೆ ಅದಕ್ಕಿಂತ ಕುತೂಹಲ ಬೀಜಿಂಗಿನ ಯಾಂಜಿಂಗ್ ಕಂಪನಿಯ ಯು8 ಬಗ್ಗೆ. 2019ರಲ್ಲಿ ಬಂದ ಇದು ಮಾಮೂಲಿಗಿಂತ ಮೇಲಿನ ಬೆಲೆಗೆ ಮಾರಾಟವಾಗಿ ಗೆದ್ದಿದೆ. ಲೇಬಲ್ ತಿರುಗಿಸಿ ನೋಡಿ: 8 ಡಿಗ್ರಿ, ಕನಿಷ್ಠ 2.5 ಶೇಕಡಾ. ಅಗ್ಗದ ಬಿಯರಿನದೇ ಅಂಕಿ! ಡಿಗ್ರಿ ಕಡಿಮೆ, ರುಚಿ ದೊಡ್ಡದು ಎಂಬ ಅರ್ಥದ ಘೋಷಣೆಯೊಂದಿಗೆ, ಮಾರನೇ ದಿನ ತಲೆಭಾರವಿಲ್ಲದ ಕುಡಿತ ಎಂದು ಅದನ್ನು ಮಾರುತ್ತಾರೆ. ನಿನ್ನೆಯವರೆಗೆ ಜಿಪುಣತನ ಎನಿಸಿಕೊಂಡ ತೆಳುವು ಇಂದು ಗುಣವಾಗಿ ದುಬಾರಿಯಾಗಿದೆ. ಕುಡಿಯುವವರು ಮೋಸಹೋದರೇ? ಹಾಗೆ ಹೇಳುವ ಧೈರ್ಯ ನನಗಿಲ್ಲ. 8 ಡಿಗ್ರಿಯಲ್ಲೂ ಮಾಲ್ಟನ್ನು ಆರಿಸುವುದರಲ್ಲಿ, ಹಾಪ್ಸ್ ಹಾಕುವುದರಲ್ಲಿ, ಯೀಸ್ಟಿಗೆ ಸಮಯ ಕೊಡುವುದರಲ್ಲಿ ಬೇಕಾದಷ್ಟು ಕೈಚಳಕಕ್ಕೆ ಜಾಗವಿದೆ. ಆದರೆ ಅಗ್ಗದ್ದನ್ನು 'ನೀರು' ಎಂದು ಬೈದು ಇದನ್ನು 'ನವಿರು' ಎನ್ನುವವರು ಎರಡನ್ನೂ ಒಮ್ಮೆ ಸ್ಟೀಲ್ ಲೋಟದಲ್ಲಿ ಕುಡಿದು ನೋಡಲಿ.

ಬಾಯಿಗೆ ತಿಳಿಯದ, ಆದರೂ ರುಚಿಯನ್ನು ಕೆಡಿಸುವ ಇನ್ನೊಂದು ಸಂಗತಿ ನಂಬಿಕೆ. 2005ರಲ್ಲಿ ಬಿಯರ್ ತಿಳಿಯಾಗಲೆಂದು ಫಾರ್ಮಾಲ್ಡಿಹೈಡ್ ಬಳಸುತ್ತಾರೆ ಎಂಬ ಸುದ್ದಿ ಚೀನಾದಲ್ಲಿ ದೊಡ್ಡ ಗಲಾಟೆ ಎಬ್ಬಿಸಿತು. ಸರಕಾರಿ ಪರೀಕ್ಷೆಯಲ್ಲಿ ಪ್ರಮಾಣ ಮಿತಿಯೊಳಗಿದೆ ಎಂದಾಯಿತು, ಆದರೂ ಅನುಮಾನ ಉಳಿಯಿತು. 2023ರ ಅಕ್ಟೋಬರಿನಲ್ಲಿ ಪಿಂಗ್ಡುವಿನ ಸಿಂಗ್‌ಟಾವ್ ಕಾರ್ಖಾನೆಯಲ್ಲಿ ಒಬ್ಬಾತ ಮಾಲ್ಟಿನ ಮೇಲೆ ಮೂತ್ರ ಮಾಡುವ ವಿಡಿಯೊ ಹರಿದಾಡಿತು. ಅದು ಮಾಲ್ಟ್ ಸಾಗಿಸುವ ಲಾರಿಯೊಳಗೆ ನಡೆದದ್ದು, ಆ ಮಾಲ್ಟನ್ನು ಬಳಸದೆ ಸೀಲ್ ಮಾಡಿ ಇಡಲಾಗಿದೆ ಎಂದು ತನಿಖೆ ಹೇಳಿತು. ಷೇರು ಬೆಲೆ ಅಷ್ಟರಲ್ಲಿ ಬಿದ್ದಿತ್ತು. ಯಾವ ಬಾಟಲಿಯಲ್ಲೂ ಯಾವ ನಾಲಿಗೆಗೂ ಏನೂ ತಿಳಿಯಲು ಸಾಧ್ಯವಿರಲಿಲ್ಲ. ಆದರೆ ಆ ವಾರ ಆ ಹೆಸರಿನ ಬಿಯರನ್ನು ಬಾಯಿಗೆ ಇಟ್ಟವನಿಗೆ ರುಚಿ ಎಂದಿನಂತೆಯೇ ಇತ್ತು ಎಂದರೆ ನಾನು ನಂಬೆ. 50ರ ಅಂಕಪಟ್ಟಿಯಲ್ಲಿ ಇದಕ್ಕೆ ಕಾಲಂ ಇಲ್ಲ.

ದುಬಾರಿ ಬೆಲೆಗೆ ನ್ಯಾಯವಾದ ಕಾರಣ ಎಂದು ನನಗೆ ಅನಿಸುವುದು ಒಂದೇ, ತಾಜಾತನ. ಸಿಂಗ್‌ಟಾವಿನ 'ಯುವಾನ್‌ಜಿಯಾಂಗ್' ಎಂಬುದು ಸೋಸದ, ಪಾಶ್ಚರೀಕರಿಸದ ಬಿಯರ್. ಆಯುಷ್ಯ ಏಳೇ ದಿನ. ಅದನ್ನು ಹಡಗಿಗೆ ಹಾಕಿ ನಮ್ಮೂರಿಗೆ ಕಳಿಸುವ ಮಾತೇ ಇಲ್ಲ. ಆದರೆ ಈ ತಾಜಾತನವನ್ನು ಚಿಂಗ್‌ದಾವಿನ ಜನ ಪ್ರೀಮಿಯಂ ಎಂಬ ಪದ ಬರುವ ಮುಂಚಿನಿಂದಲೂ ಬೀದಿಯಲ್ಲೇ ಕೊಳ್ಳುತ್ತಿದ್ದಾರೆ. ಬೇಸಿಗೆಯ ಸಂಜೆ ಗಲ್ಲಿಯ ಅಂಗಡಿಯ ಮುಂದೆ ಸ್ಟೀಲಿನ ಪೀಪಾಯಿಗಳ ಸಾಲು. ಅಂಗಡಿಯವರು ನಲ್ಲಿಗೆ ಪ್ಲಾಸ್ಟಿಕ್ ಚೀಲ ಹಿಡಿದು ಬಿಯರ್ ತುಂಬಿಸಿ, ತರಕಾರಿಯ ಹಾಗೆ ತಕ್ಕಡಿಗಿಟ್ಟು ತೂಗಿ ಕೊಡುತ್ತಾರೆ. ಲೆಕ್ಕ ಲೀಟರಿನದಲ್ಲ, ಅರ್ಧ ಕಿಲೋದ 'ಜಿನ್' ಎಂಬ ತೂಕದ್ದು. ಕೊಂಡವರು ಚೀಲದ ಬಾಯಿಯನ್ನು ಬೆರಳಿಗೆ ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ಕಪ್ಪೆಚಿಪ್ಪು ತುಂಬಿದ ಚೀಲ ಹಿಡಿದು ಮನೆ ಕಡೆ ನಡೆಯುತ್ತಾರೆ. ಊರಿನ ಆಡುಮಾತಿನಲ್ಲಿ 'ಹಾ ಪಿಜಿಯು, ಚಿ ಗಾಲಾ', ಬಿಯರ್ ಕುಡಿ, ಕಪ್ಪೆಚಿಪ್ಪು ತಿನ್ನು. ಚೀಲಕ್ಕೆ ಲೇಬಲ್ ಇರುವುದಿಲ್ಲ, ಡಿಗ್ರಿಯ ಅಂಕಿ ಇರುವುದಿಲ್ಲ. ಮನೆ ದೂರವಿದ್ದವರು ದಾರಿಯಲ್ಲೇ ಸ್ಟ್ರಾ ಚುಚ್ಚಿ ಕುಡಿಯುತ್ತ ಹೋಗುತ್ತಾರೆ.